ಆರೋಗ್ಯ ವಿಚಾರ: ನೆರೆಯ ಜಿಲ್ಲೆ ಕಲಿಸಿದ ಪಾಠ

ಆಳಂದ, ಅಫಜಲಪುರ, ಜೇವರ್ಗಿಗಳ ಎಷ್ಟೋ ಮನೆಗಳಲ್ಲಿ ಹೆಂಗಸರು ಎಲ್ಲರ ಊಟವಾದ ಮೇಲೆ ಉಣ್ಣುವಂತೆ, ಎಲ್ಲರ ಕಾಯಿಲೆ ವಾಸಿಯಾದ ಮೇಲೆಯೇ ತಮ್ಮ ಕಾಯಿಲೆಯನ್ನು ನೆನೆಯುತ್ತಾರೆ. ಗರ್ಭಕಂಠದ ಕ್ಯಾನ್ಸರು ಈ ಸಂಕೋಚವನ್ನೇ ಆಶ್ರಯಿಸಿ ಬೆಳೆಯತಕ್ಕದ್ದು. ನೋವು ತೋರುವ ಹೊತ್ತಿಗೆ ಬಹುಮಟ್ಟಿಗೆ ತಡವಾಗಿರುತ್ತದೆ.

ಆಳಂದದ ಗಡಿಗೆ ಹೊಂದಿಕೊಂಡು, ಈಗ ಧಾರಾಶಿವವೆನಿಸಿದ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ 1999ರಿಂದ ಮೊದಲುಗೊಂಡು, 30ರಿಂದ 59 ವರ್ಷದ 1,31,746 ಸ್ತ್ರೀಯರನ್ನು ನಾಲ್ಕು ಗುಂಪು ಮಾಡಿ ಗಮನಿಸಲಾಯಿತು. ರೋಗಮೂಲವಾದ ಎಚ್‌ಪಿವಿ ಎಂಬ ವೈರಸ್ಸಿಗಾಗಿ ಒಂದೇ ಒಂದು ಬಾರಿ ಪರೀಕ್ಷಿಸಿ, ಕೆಡುಕು ಕಂಡವರಿಗೆ ಚಿಕಿತ್ಸೆ ಕೊಟ್ಟ ಗುಂಪಿನಲ್ಲಿ ಈ ರೋಗದಿಂದ ತೀರಿಕೊಂಡವರು 34 ಮಂದಿ. ತಪಾಸಣೆಗೊಳಗಾಗದ, ತುಸು ಚಿಕ್ಕದಾದ ಗುಂಪಿನಲ್ಲಿ 64 ಮಂದಿ. 2009ರಲ್ಲಿ ಪ್ರಕಟವಾದ ಈ ಲೆಕ್ಕವು ಲೋಕದ ವೈದ್ಯರಿಗೆ ದಾರಿ ತೋರಿತು. ಆ 64ರಲ್ಲಿ ಎಷ್ಟೋ ತಾಯಂದಿರು ಉಳಿಯಬಹುದಿತ್ತೆಂಬ ವಿಚಾರ ಮನಸ್ಸನ್ನು ಚುಚ್ಚದಿರದು. ಅವರ ಋಣ ನಮ್ಮೆಲ್ಲರ ಮೇಲಿದೆ.

ಋಣ ತೀರಿಸುವ ಬಗೆ ಒಂದೇ. ಮೂವತ್ತು ದಾಟಿದ ಸೋದರಿಯರು ಬಾಧೆಯಿಲ್ಲದಾಗಲೇ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಒಂದು ದಿನವೂ ತಡೆಯಲಾಗದು. ಕಲಬುರಗಿಯಲ್ಲಿಯೇ ಕಿದ್ವಾಯಿ ಸಂಸ್ಥೆಯ ಕೇಂದ್ರವಿದೆ. ಜೊತೆಗೆ ಕರೆದೊಯ್ಯುವ ಭಾರ ಮನೆಯ ಗಂಡಸರದೆಂದು ನಾವು ಬಿನ್ನವಿಸುತ್ತೇವೆ.