ಗುಡ್ಡದ ಹೆಸರಿನಲ್ಲಿ ಮಾರಾಟವಾಗುವ ಸೈಕಲ್ಲು

ಮುಧೋಳವೆಂದೊಡನೆ ಹೆಚ್ಚಿನ ಓದುಗರಿಗೆ ನೆನಪಾಗುವುದು ಬಾಗಲಕೋಟೆ ಜಿಲ್ಲೆಯ ಬೇಟೆನಾಯಿಯ ಊರು. ಇಲ್ಲಿ ಪ್ರಸ್ತಾಪಿಸುತ್ತಿರುವುದು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿಗೆ ಸೇರಿದ, ತೆಲಂಗಾಣದ ಗಡಿಗೆ ಸಮೀಪದ ಇನ್ನೊಂದು ಮುಧೋಳವನ್ನು. ಸುತ್ತಲೂ ತೊಗರಿಯ ಹೊಲಗಳು. ಅತ್ತ ಮಳಖೇಡ, ಸೇಡಂ, ವಾಡಿಗಳ ಸಿಮೆಂಟ್ ಕಾರ್ಖಾನೆಗಳು ಮತ್ತು ಶಹಾಬಾದಿನ ಹಾಸುಗಲ್ಲಿನ ಗಣಿಗಳು. ಇತ್ತ ಉತ್ತರಕ್ಕೆ ಚಿಂಚೋಳಿಯ ಕೊಂಚಾವರಂ ಕಾಡು. ಮಲೆನಾಡಿಗೂ ಈ ಸೀಮೆಗೂ ಮಣ್ಣು, ಮಳೆ, ಮಾತು ಯಾವುದರಲ್ಲೂ ಹೋಲಿಕೆಯಿಲ್ಲ. ಆದರೂ ಎರಡೂ ಕಡೆಯ ಪೇಟೆಗಳ ಸೈಕಲ್ ಅಂಗಡಿಗಳಲ್ಲಿ ಒಂದೇ ವಸ್ತು ತೂಗಾಡುತ್ತಿದೆ. ದಪ್ಪ ಚೌಕಟ್ಟು, ಮುಂದೊಂದು ಹಿಂದೊಂದು ಶಾಕಪ್, ಕಣ್ಣು ಕುಕ್ಕುವ ಬಣ್ಣ, ಅದರ ಮೇಲೆ 'ಎಂ.ಟಿ.ಬಿ.' ಎಂಬ ಮೂರು ಅಕ್ಷರ. ಮೌಂಟನ್ ಬೈಕ್, ಅಂದರೆ ಗುಡ್ಡದ ಸೈಕಲ್ಲು.

ಈ ಮೂರು ಅಕ್ಷರಗಳು ಹಳ್ಳಿಯ ಮಕ್ಕಳಿಗೆ ಮಾಡುತ್ತಿರುವ ವಂಚನೆ ಸಣ್ಣದಲ್ಲ. ಪರಿಸರದ ಹೆಸರು ಹೇಳುವವರು ಇದರ ಬಗ್ಗೆ ಮೌನವಾಗಿರುವುದು ಅದಕ್ಕಿಂತ ದೊಡ್ಡ ತಪ್ಪು. ಸೈಕಲ್ಲು ಹೊಗೆಯುಗುಳದು, ಆದ್ದರಿಂದ ಎಲ್ಲ ಸೈಕಲ್ಲೂ ಒಳ್ಳೆಯದೇ ಎಂಬ ಸೋಮಾರಿ ತರ್ಕದಲ್ಲಿ ಅವರು ತೃಪ್ತರಾಗಿದ್ದಾರೆ.

ಗುಡ್ಡದ ಸೈಕಲ್ಲು ಹುಟ್ಟಿದ ಬಗೆಯನ್ನು ಮೊದಲು ತಿಳಿಯಬೇಕು. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಯುವಕರು, ಗುಜರಿಗೆ ಸೇರಿದ್ದ ನಾಲ್ಕು ದಶಕಗಳಷ್ಟು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಎತ್ತಿಕೊಂಡು ಹೋಗಿ ಕಾಡುದಾರಿಯಲ್ಲಿ ಇಳಿಸತೊಡಗಿದರು. 1976ರಲ್ಲಿ ಅದು ಸ್ಪರ್ಧೆಯಾಯಿತು. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಡಿಯುವ ಹಳೆಯ ಬ್ರೇಕು ಇಳಿಜಾರಿನಲ್ಲಿ ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಓಟದ ನಂತರ ಹೊಸ ಗ್ರೀಸು ತುಂಬಲೇಬೇಕಿತ್ತು. ಸ್ಪರ್ಧೆಗೆ 'ರಿಪ್ಯಾಕ್' ಎಂಬ ಹೆಸರು ಬಂದುದೇ ಇದರಿಂದ. ಜೋ ಬ್ರೀಜ್, ಗ್ಯಾರಿ ಫಿಶರ್, ಟಾಮ್ ರಿಚಿ ಮೊದಲಾದವರು ಚೌಕಟ್ಟನ್ನು ಗಟ್ಟಿ ಮಾಡಿದರು, ಏರು ಹತ್ತಲು ಹಗುರ ಗೇರು ಕೂಡಿಸಿದರು, ಉತ್ತಮ ಬ್ರೇಕು ಹಾಕಿದರು. 1981ರಲ್ಲಿ ಸ್ಪೆಷಲೈಸ್ಡ್ ಕಂಪನಿಯ 'ಸ್ಟಂಪ್‌ಜಂಪರ್' ಕಾರ್ಖಾನೆಯಿಂದ ಸಾಲುಸಾಲಾಗಿ ಹೊರಬಂತು. ರಾಕ್‌ಶಾಕ್ಸ್ ಕಂಪನಿಯ ಎಣ್ಣೆ–ಗಾಳಿಯ ಮುಂಗವಲು ಬಂದದ್ದು 1989ರಲ್ಲಿ. ಅಂದರೆ ಗುಡ್ಡದ ಸೈಕಲ್ಲು ಹುಟ್ಟಿದ ಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದಕ್ಕೆ ಶಾಕಪ್ ಎಂಬುದೇ ಇರಲಿಲ್ಲ! ಅಗಲ ಟೈರು, ಹಗುರ ಗೇರು, ನಂಬಬಹುದಾದ ಬ್ರೇಕು, ಊರಲ್ಲೇ ಬಿಚ್ಚಿ ಜೋಡಿಸಬಹುದಾದ ಭಾಗಗಳು – ಇವೇ ಅದರ ಜೀವಾಳ.

ಇನ್ನು ಹತ್ತು ಸಾವಿರ ರೂಪಾಯಿ ಆಸುಪಾಸಿನಲ್ಲಿ ಹಳ್ಳಿಯ ಹುಡುಗನಿಗೆ ದೊರೆಯುವ ವಸ್ತುವನ್ನು ಬಿಚ್ಚಿ ನೋಡಬೇಕು. ಮುಂಗವಲಿನ ಕೊಳವೆಯೊಳಗೆ ಇರುವುದು ಬರಿಯ ಸುರುಳಿ. ಒಳ್ಳೆಯ ಶಾಕಪ್ಪಿನಲ್ಲಿ ಸುರುಳಿಯ ಅಥವಾ ಗಾಳಿಯ ಜೊತೆಗೆ ಎಣ್ಣೆ ಇರುತ್ತದೆ. ಸಣ್ಣ ರಂಧ್ರದ ಮೂಲಕ ಹಾಯುವಾಗ ಅದು ಏಟಿನ ಶಕ್ತಿಯನ್ನು ನುಂಗಿ ಶಾಖವಾಗಿಸುತ್ತದೆ. ಎಣ್ಣೆಯಿಲ್ಲದ ಸುರುಳಿ ಏಟನ್ನು ನುಂಗುವುದಿಲ್ಲ, ಸಾಲವಾಗಿ ಪಡೆದು ಮರುಕ್ಷಣ ಬಡ್ಡಿಸಮೇತ ಹಿಂದಿರುಗಿಸುತ್ತದೆ. ಚಕ್ರ ಕಲ್ಲಿನಿಂದ ಪುಟಿಯುತ್ತದೆ. ಏರಿನಲ್ಲಿ ಎದ್ದುನಿಂತು ತುಳಿದರೆ ಕಾಲಿನ ಬಲದ ಒಂದು ಪಾಲು ಸುರುಳಿಯನ್ನು ಕುಗ್ಗಿಸುವುದರಲ್ಲೇ ವ್ಯಯವಾಗುತ್ತದೆ. ಹಿಂದೆಯೂ ಒಂದು ಶಾಕಪ್ ಇದ್ದರಂತೂ ಕೇಳುವುದೇ ಬೇಡ. ಈ ಅಲಂಕಾರಕ್ಕಾಗಿ ಹುಡುಗ ಹೊರುವುದು ಕಿಲೋಗಟ್ಟಲೆ ಹೆಚ್ಚಿನ ಕಬ್ಬಿಣ. ಕೆಲವೇ ತಿಂಗಳಲ್ಲಿ ಕೊಳವೆಯ ಒಳಬಳೆ ಸವೆದು ಹ್ಯಾಂಡಲು ಅಲುಗಾಡತೊಡಗುತ್ತದೆ. ಅದಕ್ಕೆ ಬಿಡಿಭಾಗ ಸೇಡಂನಲ್ಲೂ ಇಲ್ಲ, ಶೃಂಗೇರಿಯಲ್ಲೂ ಇಲ್ಲ. ನಿಜವಾದ ಎಣ್ಣೆ–ಗಾಳಿಯ ಶಾಕಪ್ಪು ಎರಡೂ ಚಕ್ರಕ್ಕಿರುವ ಸೈಕಲ್ಲಿನ ಬೆಲೆ ಲಕ್ಷ ರೂಪಾಯಿ ದಾಟುತ್ತದೆಂಬುದನ್ನು ಹುಡುಗನಿಗೆ ಯಾರೂ ಹೇಳುವುದಿಲ್ಲ.

ಮುಧೋಳದ ದಾರಿಗೆ ಬೇಕಾದುದಾದರೂ ಏನು? ಇಲ್ಲಿ ಸ್ವಲ್ಪ ಮಣ್ಣಿನ ವಿಚಾರ ಅಗತ್ಯ. ಈ ಸೀಮೆಯ ಎರೆಮಣ್ಣಿನ ಜೇಡಿಕಣ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಬಂಡಿದಾರಿ ಕಲ್ಲಿನಷ್ಟು ಗಟ್ಟಿ. ಮೊದಲ ಹದಮಳೆಗೆ ಅದೇ ಮಣ್ಣು ಟೈರಿಗೆ ಅಂಟಿ, ಮಡ್‌ಗಾರ್ಡಿನೊಳಗೆ ಮೆತ್ತಿ, ಹತ್ತು ಹೆಜ್ಜೆಗೊಮ್ಮೆ ಚಕ್ರವನ್ನು ನಿಲ್ಲಿಸುತ್ತದೆ. ಆಗ ಸೈಕಲ್ಲು ಮನುಷ್ಯನನ್ನು ಹೊರುವುದಿಲ್ಲ, ಮನುಷ್ಯ ಸೈಕಲ್ಲನ್ನು ಹೆಗಲಿಗೇರಿಸುತ್ತಾನೆ. ತೂಕದ ಪ್ರಶ್ನೆ ಜಾಹೀರಾತಿನ ಪ್ರಶ್ನೆಯಲ್ಲ, ಹೆಗಲಿನ ಪ್ರಶ್ನೆಯಾಗುವುದು ಇಲ್ಲೇ. ಚಕ್ರಕ್ಕೂ ಚೌಕಟ್ಟಿಗೂ ನಡುವೆ ಎರಡು ಬೆರಳು ತೂರುವಷ್ಟು ಜಾಗವಿದ್ದರೆ ಮಣ್ಣು ತಾನಾಗಿ ಉದುರುತ್ತದೆ. ದೊಡ್ಡ ಟೈರನ್ನು ಇಕ್ಕಟ್ಟಿನಲ್ಲಿ ತುರುಕಿದ ಅಗ್ಗದ ಚೌಕಟ್ಟಿನಲ್ಲಿ ಆ ಜಾಗವೇ ಇರುವುದಿಲ್ಲ. ಕುಯಿಲಿನ ಬಳಿಕ ಹೊಲದ ಬದಿಯ ತೊಗರಿ ಕೂಳೆ ಓರೆಯಾಗಿ ಕತ್ತರಿಸಿದ ಗೂಟದಂತೆ ನಿಂತಿರುತ್ತದೆ. ನೆಗ್ಗಿಲು ಮುಳ್ಳು, ಬಳ್ಳಾರಿ ಜಾಲಿಯ ಮುಳ್ಳು ಬೇರೆ. ಇದಕ್ಕೆ ಮದ್ದು ಶಾಕಪ್ಪಲ್ಲ, ದಪ್ಪ ಮೈಯ ಟೈರು ಮತ್ತು ಊರಿನ ಪಂಕ್ಚರ್ ಅಂಗಡಿಯಲ್ಲಿ ಸಿಗುವ ಅಳತೆಯ ಟ್ಯೂಬು.

ಟೈರಿನ ಗಾಳಿಯ ಲೆಕ್ಕವನ್ನು ಟ್ರ್ಯಾಕ್ಟರ್ ಓಡಿಸುವ ರೈತ ಬಲ್ಲ. ನೆಲದ ಮೇಲೆ ಬೀಳುವ ಒತ್ತಡ ಹೆಚ್ಚುಕಡಿಮೆ ಟೈರಿನೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಕಿರಿದಾದ ಟೈರಿಗೆ 60 ಪೌಂಡ್ ಗಾಳಿ ಬೇಕಾದರೆ ಎರಡು ಅಂಗುಲದ ಟೈರಿಗೆ 30 ಸಾಕು. ನೆಲ ಮುಟ್ಟುವ ವಿಸ್ತೀರ್ಣ ಇಮ್ಮಡಿಯಾಗುತ್ತದೆ, ಹೂಳುವುದು ತಗ್ಗುತ್ತದೆ. ಸಣ್ಣ ಕಲ್ಲಿನ ಏಟನ್ನೂ ಈ ಗಾಳಿಯೇ ನುಂಗುತ್ತದೆ. ಬಡವನ ಶಾಕಪ್ಪು ಟೈರಿನಲ್ಲಿದೆ!

ಗೇರಿನ ವಿಷಯದಲ್ಲಿ ಮಾತ್ರ ಹೊಸ ಸೈಕಲ್ಲಿನ ಪರವಾಗಿ ಒಂದು ಮಾತು ಹೇಳಲೇಬೇಕು. ಅಜ್ಜನ ಕಾಲದ ಕರಿ ಸೈಕಲ್ಲಿನ ಮುಂದಿನ ಪಲ್ಲೆಗೆ 48 ಹಲ್ಲು, ಹಿಂದೆ 18 ಎಂದಿಟ್ಟುಕೊಂಡರೆ ಒಂದು ತುಳಿತಕ್ಕೆ ಚಕ್ರ ಎರಡೂವರೆ ಸುತ್ತಿಗೂ ಹೆಚ್ಚು ತಿರುಗುತ್ತದೆ. ಬಯಲಿಗೆ ಅದು ಸೊಗಸು. ಮೇವಿನ ಹೊರೆಯೊಡನೆ ಯಾನಾಗುಂದಿಯ ಏರಿಗೆ ಅದು ಮೊಣಕಾಲಿನ ಶತ್ರು. ಮುಂದೆ 24, ಹಿಂದೆ 28 ಹಲ್ಲಿದ್ದರೆ ಚಕ್ರ ಒಂದು ಸುತ್ತೂ ತಿರುಗದು, ಏರು ಸುಲಭವಾಗುತ್ತದೆ. ಆದರೆ ಅದಕ್ಕಾಗಿ ಮುಂದೆ ಮೂರು, ಹಿಂದೆ ಏಳು ಪಲ್ಲೆ ಸೇರಿಸಿ '21 ಗೇರು' ಎಂದು ಬರೆಯಬೇಕಿಲ್ಲ. ಅವುಗಳಲ್ಲಿ ಹಲವು ಒಂದನ್ನೊಂದು ಹೋಲುವಂಥವು, ಕೆಲವು ಚೈನನ್ನು ಓರೆಮಾಡಿ ಸವೆಸುವಂಥವು. ಇಂದು ದುಬಾರಿ ಗುಡ್ಡದ ಸೈಕಲ್ಲುಗಳೇ ಮುಂದಿನ ಪಲ್ಲೆಯನ್ನು ಒಂದಕ್ಕೆ ಇಳಿಸಿವೆ. ಅಗ್ಗದ ಸೈಕಲ್ಲು ಮಾತ್ರ 21ರ ಸಂಖ್ಯೆಗೆ ಜೋತುಬಿದ್ದಿದೆ, ಏಕೆಂದರೆ ಸಂಖ್ಯೆ ಮಾರಾಟವಾಗುತ್ತದೆ. ಸಿಮೆಂಟ್ ಕಾರ್ಖಾನೆಗಳ ಆಸುಪಾಸಿನಲ್ಲಿ ಚೈನಿಗೆ ಧಾರಾಳವಾಗಿ ಎಣ್ಣೆ ಸುರಿದರೆ ಸುಣ್ಣಕಲ್ಲಿನ ಧೂಳು ಅದರಲ್ಲಿ ಕಲಸಿ ಸಾಣೆಹಿಟ್ಟಾಗುತ್ತದೆ. ಒರೆಸಿ, ಹನಿಹನಿಯಾಗಿ ಬಿಟ್ಟು, ಮತ್ತೆ ಒರೆಸಬೇಕು. ಇದನ್ನು ಹೇಳಿಕೊಡುವ ಅಂಗಡಿ ಎಷ್ಟಿದೆ?

ಡಿಸ್ಕ್ ಬ್ರೇಕನ್ನು ಸುಮ್ಮನೆ ಹಳಿಯುವುದೂ ಸರಿಯಲ್ಲ. ಕೆಸರಿನಲ್ಲಿ ರಿಮ್ಮು ಹಿಡಿಯುವ ಬ್ರೇಕು ಮಣ್ಣನ್ನೇ ಅರೆಯುತ್ತದೆ, ಡಿಸ್ಕು ಮೇಲಿದ್ದುಕೊಂಡು ಶುಚಿಯಾಗಿರುತ್ತದೆ. ತತ್ತ್ವ ಒಳ್ಳೆಯದು. ಆದರೆ ಅದರ ಪ್ಯಾಡು ಸವೆದ ದಿನ, ತಟ್ಟೆ ಬಾಗಿದ ದಿನ, ಮುಧೋಳದ ಹುಡುಗಿ ಕಲಬುರಗಿಯ ಬಸ್ಸು ಹತ್ತಬೇಕಾದರೆ ಆ ಬ್ರೇಕು ಅವಳಿಗೆ ಬ್ರೇಕಲ್ಲ.

ರಾಜ್ಯ ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲು ಕೊಡತೊಡಗಿತು. ಅವು ಸಾದಾ ಸೈಕಲ್ಲುಗಳು. ಅವುಗಳ ಗುಣಮಟ್ಟದ ಬಗ್ಗೆ ದೂರುಗಳಿಗೇನೂ ಕಡಿಮೆಯಿರಲಿಲ್ಲ. ಆದರೂ ಪ್ರೌಢಶಾಲೆಯಿಲ್ಲದ ಊರುಗಳ ಹೆಣ್ಣುಮಕ್ಕಳಿಗೆ ಶಾಲೆ ಬಿಡದಿರಲು ಅವು ನೆಪವಾದವು. 2020ರಲ್ಲಿ ಕೊರೋನಾ ಬಂದಾಗ ವಿತರಣೆ ನಿಂತಿತು. ತೆರವಾದ ಜಾಗಕ್ಕೆ ಶಾಕಪ್ಪಿನ ಸೈಕಲ್ಲು ನುಗ್ಗಿತು. ಸರ್ಕಾರದ ಸೈಕಲ್ಲಿನ ದೋಷವನ್ನು ವಿಧಾನಸಭೆಯಲ್ಲಿ ಪ್ರಶ್ನಿಸಬಹುದಿತ್ತು. ಇದನ್ನು ಪ್ರಶ್ನಿಸುವ ಸ್ಥಳ ಯಾವುದು?

ಈಗ ಗುಡ್ಡಗಳ ಕಡೆಗೆ. ಪಶ್ಚಿಮಘಟ್ಟದಲ್ಲಿ ಗುಡ್ಡದ ಸೈಕಲ್ ಸವಾರಿಯನ್ನು 'ಪರಿಸರಸ್ನೇಹಿ ಸಾಹಸ'ವೆಂದು ಮಾರುವ ಉತ್ಸಾಹ ಕಾಣುತ್ತಿದೆ. ಇದನ್ನು ವಿರೋಧಿಸುವವರು ಸಾಮಾನ್ಯವಾಗಿ ಚಕ್ರ ಮಣ್ಣು ಕೊರೆಯುತ್ತದೆ ಎಂಬ ಕಾರಣ ಮುಂದಿಡುತ್ತಾರೆ. ಆ ವಾದ ದುರ್ಬಲ. ಅಮೆರಿಕದ ಮೊಂಟಾನಾದ ಕಾಡುದಾರಿಗಳಲ್ಲಿ ವಿಲ್ಸನ್ ಮತ್ತು ಸೆನಿ ಎಂಬ ಸಂಶೋಧಕರು ನಡೆಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒದ್ದೆ ಹಾದಿಯಲ್ಲಿ ಚಕ್ರಕ್ಕಿಂತ ಕುದುರೆಯ ಗೊರಸು ಹಾಗೂ ಚಾರಣಿಗರ ಪಾದಗಳೇ ಹೆಚ್ಚು ಮಣ್ಣನ್ನು ಸಡಿಲಿಸಿದ್ದವು. ಇಳಿಜಾರಿನಲ್ಲಿ ಹಿಂಬ್ರೇಕು ಕಚ್ಚಿ ಜಾರಿಸಿದರೆ ಗೀರು ಬೀಳುತ್ತದೆ, ಮಲೆನಾಡಿನ ಮಳೆ ಆ ಗೀರನ್ನು ಕೊರಕಲಾಗಿಸುತ್ತದೆ, ನಿಜ. ಆದರೆ ಸೈಕಲ್ಲನ್ನು ದೂಷಿಸುವವರು ವಾರಾಂತ್ಯದ ಚಾರಣಿಗರನ್ನು ಬಿಡುವುದು ಯಾವ ನ್ಯಾಯ? 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ನುಗ್ಗಿದ ಜನಸಂದಣಿಯ ನಂತರ ಅರಣ್ಯ ಇಲಾಖೆಯೇ ಚಾರಣಕ್ಕೆ ತಡೆಯೊಡ್ಡಿ, ಬಳಿಕ ದಿನಕ್ಕಿಷ್ಟೇ ಜನರೆಂಬ ಮಿತಿ ಹಾಕಬೇಕಾಯಿತು. ಅವರಾರೂ ಸೈಕಲ್ಲಿನಲ್ಲಿ ಬಂದವರಲ್ಲ.

ವಿರೋಧಿಸಬೇಕಾದುದು ಚಕ್ರವನ್ನಲ್ಲ, ಚಕ್ರದ ಹೆಸರಿನಲ್ಲಿ ಕಾಡಿನೊಳಗೆ ಕಡಿಯುವ ಹೊಸ ಹಾದಿಯನ್ನು. ಸೈಕಲ್ಲುಗಳನ್ನು ನೆತ್ತಿಯವರೆಗೆ ಹೊತ್ತೊಯ್ಯುವ ಜೀಪನ್ನು. ಜೀಪಿನ ಹಿಂದೆ ಬರುವ ರೆಸಾರ್ಟನ್ನು. ಗುಡ್ಡದ ಸೈಕಲ್ಲಿನ ತವರಾದ ಮರಿನ್ ಕೌಂಟಿಯಲ್ಲೇ 1980ರ ದಶಕದಲ್ಲಿ ಟಮಾಲ್ಪೈಸ್ ಬೆಟ್ಟದ ಕಿರುಹಾದಿಗಳಿಂದ ಸೈಕಲ್ಲನ್ನು ಹೊರಗಿಟ್ಟು, ಅಗಲ ದಾರಿಯಲ್ಲೂ ಗಂಟೆಗೆ 15 ಮೈಲಿಯ ವೇಗಮಿತಿ ವಿಧಿಸಲಾಯಿತು. ಅಲ್ಲಿನವರು ಸೈಕಲ್ಲಿನ ವೈರಿಗಳಾಗಿರಲಿಲ್ಲ; ಹಾದಿ ಯಾರದೆಂಬ ಪ್ರಶ್ನೆಯನ್ನು ಮೊದಲೇ ಎತ್ತಿದವರು. 2011ರಲ್ಲಿ ವನ್ಯಧಾಮವಾದ ಚಿಂಚೋಳಿಯ ಸುಮಾರು 135 ಚದರ ಕಿಲೋಮೀಟರ್ ಒಣಕಾಡಿನಲ್ಲಿ ಆ ಪ್ರಶ್ನೆ ಇನ್ನೂ ತೀಕ್ಷ್ಣ. ತೋಳ, ಕತ್ತೆಕಿರುಬಗಳಿರುವ ಆ ಕಾಡಿನ ಅಂಚಿನಲ್ಲಿ ಲಂಬಾಣಿ ತಾಂಡಾಗಳಿವೆ. ವನ್ಯಜೀವಿ ಕಾಯ್ದೆಯ 27 ಮತ್ತು 28ನೆಯ ಕಲಮುಗಳ ಪ್ರಕಾರ ಹೊರಗಿನವರ ಪ್ರವೇಶಕ್ಕೆ ಅನುಮತಿ ಬೇಕು. ತಾಂಡಾದ ಹೆಂಗಸಿನ ಸೌದೆಯ ಹೊರೆಯ ಬಳಿ ಕಾನೂನು ಮಾತನಾಡಿ, ನಗರದ ಹೆಲ್ಮೆಟ್ಟಿನವನ ಬಳಿ ಪ್ರವಾಸೋದ್ಯಮ ಮಾತನಾಡಿದರೆ ಅದನ್ನು ಪರಿಸರ ಸಂರಕ್ಷಣೆ ಎನ್ನಲಾಗದು.

ಗುಡ್ಡದ ಸೈಕಲ್ಲಿಗೆ ನಿಜವಾದ ಹಾದಿ ಹುಡುಕುವವರು ಗ್ರಾಮನಕ್ಷೆಯನ್ನು ಬಿಚ್ಚಲಿ. ಜೋಡಿ ಚುಕ್ಕೆಗೆರೆ ಬಂಡಿದಾರಿ, ಒಂಟಿ ಚುಕ್ಕೆಗೆರೆ ಕಾಲುದಾರಿ. ಅವು ಸಾರ್ವಜನಿಕರ ಹಕ್ಕು. ಮುಧೋಳದ ಕಡೆ ಅವನ್ನು ಒತ್ತುವರಿ ಹೊಲ ನುಂಗಿದೆ, ಗಣಿ ಬಂದಲ್ಲಿ ಗಣಿ ನುಂಗಿದೆ. ಮಲೆನಾಡಿನಲ್ಲಿ ತೋಟದ ಬೇಲಿಯೂ ಹೋಂಸ್ಟೇ ಗೇಟೂ ನುಂಗಿವೆ. ಮೂರು ಕಿಲೋಮೀಟರಿನ ಬಂಡಿದಾರಿ ಮುಚ್ಚಿದಾಗ ಮಕ್ಕಳು ಲಾರಿಗಳು ಸಾಲುಗಟ್ಟಿದ ಡಾಂಬರು ರಸ್ತೆಗೆ ಬೀಳುತ್ತಾರೆ. ಅಲ್ಲಿ 21 ಗೇರು, ಎರಡು ಶಾಕಪ್ಪು ಯಾವುದೂ ಅವರನ್ನು ಕಾಯದು.

ವಿದ್ಯಾರ್ಥಿ ಸಂಘಗಳು ಈ ಬೇಸಿಗೆಯಲ್ಲೇ ಮಾಡಬಹುದಾದ ಕೆಲಸವೊಂದಿದೆ. ತಮ್ಮ ಊರಿನ ಗ್ರಾಮನಕ್ಷೆಯ ಪ್ರತಿಯನ್ನು ಭೂಮಾಪನ ಇಲಾಖೆಯಿಂದ ಪಡೆದು, ಚುಕ್ಕೆಗೆರೆಯ ಪ್ರತಿ ದಾರಿಯನ್ನೂ ಸೈಕಲ್ಲಿನಲ್ಲಿ ಕ್ರಮಿಸಿ, ಎಲ್ಲಿ ಸೈಕಲ್ಲನ್ನು ಹೊರಬೇಕಾಯಿತು, ಎಲ್ಲಿ ಬೇಲಿ ಅಡ್ಡವಾಯಿತು ಎಂಬುದನ್ನು ಸರ್ವೆ ನಂಬರು ಸಹಿತ ಬರೆದು ತಹಶೀಲ್ದಾರರಿಗೆ ಒಪ್ಪಿಸುವುದು. ಸೇಡಂ, ಚಿಂಚೋಳಿ ತಾಲ್ಲೂಕುಗಳಿಗಾದರೆ ಅದರದೊಂದು ಪ್ರತಿಯನ್ನು ಕಲಬುರಗಿಯ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೂ ಕಳುಹಿಸಬೇಕು. ಬಂಡಿದಾರಿಗೆ ಗರಸು ಹಾಕಿಸುವ ವೆಚ್ಚ ಹೆದ್ದಾರಿಯ ವೆಚ್ಚವಲ್ಲ. ಶಾಕಪ್ಪಿಲ್ಲದ ಮುಂಗವಲು, ಎರಡು ಅಂಗುಲದ ಟೈರು, ಹಿಂದೆ ಆರೇಳು ಪಲ್ಲೆ, ಒಂದು ಪಂಪು, ಎರಡು ಪಾನಾ, ಪಂಕ್ಚರಿನ ಸಾಮಾನು – ಇಷ್ಟಿದ್ದರೆ ಈ ಸಮೀಕ್ಷೆಗೆ ಸಾಕು.