ಟೂನ್‌ಟೌನ್ ಯಾರ ಊರು?

1988ರಲ್ಲಿ ಬಂದ ರಾಬರ್ಟ್ ಝೆಮೆಕಿಸ್ ಅವರ ‘ಹೂ ಫ್ರೇಮ್ಡ್ ರೋಜರ್ ರ್‍ಯಾಬಿಟ್’ ನಟರ ನಡುವೆ ಕಾರ್ಟೂನ್ ಮೊಲವೊಂದು ಓಡಾಡುವ ತಮಾಷೆಯ ಚಿತ್ರ. ಬಾಬ್ ಹಾಸ್ಕಿನ್ಸ್ ಚಿತ್ರೀಕರಣದಲ್ಲಿ ಇಲ್ಲದ ಮೊಲದ ಜೊತೆ ಜಗಳವಾಡಿದರು. ರಿಚರ್ಡ್ ವಿಲಿಯಮ್ಸ್ ಅವರ ತಂಡ ಆಮೇಲೆ ಆ ಮೊಲವನ್ನು ಕೈಯಲ್ಲೇ ಬಿಡಿಸಿ ಕೂರಿಸಿತು.

ನಗುತ್ತಲೇ ಕಥೆಯನ್ನೂ ಗಮನಿಸಿ. 1947ರ ಲಾಸ್ ಏಂಜಲೀಸ್. ನಗರವನ್ನು ನಗಿಸುವ ಕಾರ್ಟೂನುಗಳ ವಾಸ ಪಕ್ಕದ ಟೂನ್‌ಟೌನಿನಲ್ಲಿ. ಅವು ಹಾಡಿ ಕುಣಿಯುವ ಕ್ಲಬ್ಬಿನಲ್ಲಿ ಗಿರಾಕಿಗಳಾಗಿ ಕೂರಲು ಮನುಷ್ಯರಿಗೆ ಮಾತ್ರ ಅವಕಾಶ. ದುಡಿಯಲು ಬನ್ನಿ, ಕುರ್ಚಿ ಕೇಳಬೇಡಿ! ಇತ್ತ ಜಡ್ಜ್ ಡೂಮ್ ಟ್ರಾಮ್ ಕಂಪನಿಯನ್ನು ಕೊಂಡು ಮುಚ್ಚಿಸಿ, ಟೂನ್‌ಟೌನನ್ನೇ ಅಳಿಸಿ ಹೆದ್ದಾರಿ ಹಾಸಲು ಹೊರಟಿದ್ದಾನೆ. ಕಾರ್ಟೂನುಗಳನ್ನು ಕರಗಿಸುವ ದ್ರಾವಣವೂ ಸಿದ್ಧವಾಗಿದೆ.

ಮುಂಬೈ, ದೆಹಲಿಯಂಥ ಊರುಗಳಲ್ಲಿರುವ ನಮಗೆ ಇದು ಹೊಸ ಕಥೆಯಲ್ಲ. ರಸ್ತೆ ಅಗಲವಾಗುವಾಗ ಎಷ್ಟೋ ಸಲ ಮಾಯವಾಗುವುದು ನಮಗೆ ಅಡುಗೆ ಮಾಡುವ, ಬಟ್ಟೆ ಇಸ್ತ್ರಿ ಮಾಡುವ, ಗೇಟು ಕಾಯುವವರ ಗಲ್ಲಿಗಳು.

ಚಿತ್ರದಲ್ಲಿ ಕೊನೆಗೆ ಒಂದು ಉಯಿಲು ಸಿಗುತ್ತದೆ, ಟೂನ್‌ಟೌನ್ ಅಲ್ಲಿಯವರಿಗೇ ಉಳಿಯುತ್ತದೆ. ಆ ಗಲ್ಲಿಗಳವರ ಪೆಟ್ಟಿಗೆಯಲ್ಲಿ ಅಂಥ ಕಾಗದ ಇರುವುದಿಲ್ಲ. ಅವರ ಪರವಾಗಿ ಮಾತಾಡುವ ನೆರೆಹೊರೆಯವರಾದರೂ ಇರಬೇಕಲ್ಲವೇ?