ಸ್ವಯಂಕಲಿಕೆಯ ಹೊಗಳಿಕೆಯ ಹಿಂದೆ

ದಕ್ಷಿಣ ಆಫ್ರಿಕಾದ ಜಾಝ್ ಗಿಟಾರ್ ವಾದಕ ಫಿಲಿಪ್ ತಬಾನೆ ಸಂಗೀತ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕಪ್ಪು ಜನರಿಗೆಂದೇ ಸರ್ಕಾರ ಗುರುತಿಸಿದ್ದ, ಪ್ರಿಟೋರಿಯಾ ಬಳಿಯ ಮಾಮೆಲೋಡಿ ಬಡಾವಣೆಯೇ ಅವರ ಕರ್ಮಭೂಮಿ. ವೆಂಡಾ ಜನರು ರೋಗಶಮನದ ಆಚರಣೆಗಳಲ್ಲಿ ಬಾರಿಸುವ ಡೋಲುಗಳ ಲಯವನ್ನು ಅವರು ಜಾಝ್‌ಗೆ ಬೆಸೆದರು. ಜೂಲಿಯನ್ ಬಹುಲಾ ಅವರ ಡೋಲು, ಅಬ್ಬೆ ಸಿಂದಿ ಅವರ ಕೊಳಲು, ತಬಾನೆಯವರ ಗಿಟಾರ್ ಸೇರಿದ ‘ಮಲೊಂಬೊ’ ತಂಡವು 1964ರಲ್ಲಿ ಸೊವೆಟೊದ ಓರ್ಲಾಂಡೊ ಕ್ರೀಡಾಂಗಣದ ಜಾಝ್ ಉತ್ಸವದಲ್ಲಿ ಪ್ರಥಮ ಬಹುಮಾನ ಪಡೆಯಿತು.

ಮಿರಿಯಂ ಮಕೇಬಾ, ಹ್ಯೂ ಮಸೆಕೆಲಾ ಅವರಂಥವರು ದೀರ್ಘಕಾಲ ದೇಶಭ್ರಷ್ಟರಾಗಿ ಬಾಳಿದರು. ತಬಾನೆ ಮಾತ್ರ 1970ರ ದಶಕದಲ್ಲಿ ಅಮೆರಿಕದ ವೇದಿಕೆಗಳಲ್ಲಿ ನುಡಿಸಿಯೂ ತಾಯ್ನಾಡಿಗೇ ಮರಳಿದರು. ಅವರು ನಿಧನರಾದದ್ದು 2018ರ ಮೇ ತಿಂಗಳಲ್ಲಿ.

ಇಂಥವರನ್ನು ‘ಸ್ವಯಂಶಿಕ್ಷಿತ ಪ್ರತಿಭೆ’ ಎಂದು ಕೊಂಡಾಡುವುದು ರೂಢಿ. ಆಡಳಿತದಲ್ಲಿ ಆಯುಷ್ಯ ಕಳೆದ ನನಗೆ ಆ ಹೊಗಳಿಕೆ ಇರಿಸುಮುರಿಸು ತರುತ್ತದೆ. 1953ರ ಬಾಂಟು ಶಿಕ್ಷಣ ಕಾಯ್ದೆಯು ಕಪ್ಪು ಮಕ್ಕಳ ಕಲಿಕೆಯನ್ನು ಕೂಲಿಗೆ ಬೇಕಾದಷ್ಟಕ್ಕೆ ಮೊಟಕುಗೊಳಿಸಿತ್ತು. ಬಾಗಿಲು ಮುಚ್ಚಿದ್ದು ಪ್ರಭುತ್ವ. ಗೋಡೆ ಹಾರಿದವನ ಸಾಹಸಕ್ಕೆ ಚಪ್ಪಾಳೆ ತಟ್ಟುವ ಭರದಲ್ಲಿ ಅದನ್ನು ನಾವು ಮರೆಯುತ್ತೇವೆ.

ಅರ್ಥಶಾಸ್ತ್ರ ಓದಿದವನಿಗೆ ಕಾಣುವ ನಷ್ಟ ಇನ್ನೊಂದಿದೆ. ಗೋಡೆ ಹಾರಲಾಗದೆ ಉಳಿದವರೆಷ್ಟು ಮಂದಿ? ಅವರ ಲೆಕ್ಕ ಯಾವ ಕಡತದಲ್ಲೂ ಇಲ್ಲ. ತಬಾನೆಯವರಿಗೆ ಸಲ್ಲುವ ಗೌರವ ಪ್ರಭುತ್ವಕ್ಕೆ ಕ್ಷಮಾಪತ್ರವಾಗಬಾರದು.